ಮುಟ್ಟಬೇಡ, ಅದು ಶೋಗೆ

ಅಕ್ಕನ ಮಗಳು ರಾಮನಗರದಲ್ಲಿ ಹೊಸ ಮನೆ ಕಟ್ಟಿಸಿದಳು. ಮೂವತ್ತು ನಲವತ್ತರ ಸೈಟು, ಕೆಳಗೊಂದು ಮೇಲೊಂದು. ಗೃಹಪ್ರವೇಶದ ದಿನ ಹೋಮದ ಹೊಗೆ, ನೆಂಟರ ಗದ್ದಲದ ನಡುವೆ ಮನೆಯನ್ನು ಸರಿಯಾಗಿ ನೋಡಲು ಆಗಲಿಲ್ಲ. ಸೋಫಾ, ಪರದೆ ಏನೂ ಬಂದಿರಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ಚನ್ನಪಟ್ಟಣದಿಂದ ಬಸ್ಸು ಹತ್ತಿ ಹೋದೆ. ಕೈಯಲ್ಲಿ ಒಂದು ಡಬ್ಬಿ ಕೋಡುಬಳೆ.

ಹಾಲಿಗೆ ಕಾಲಿಟ್ಟೊಡನೆ ಒಂದು ಕ್ಷಣ ಎಲ್ಲಿಗೆ ಬಂದೆ ಎನಿಸಿತು. ಗೋಡೆ ಬಿಳಿ, ಸೋಫಾ ಬಿಳಿ, ಪರದೆ ಬಿಳಿ, ಪರದೆಯ ಅಂಚಿಗೆ ಕಡು ಹಸಿರಿನ ಪಟ್ಟೆ. ಸೋಫಾದ ಮೇಲೆ ಹಳದಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣದ ಗುಂಡು ದಿಂಬುಗಳು. ಟೀಪಾಯಿಯ ಮೇಲೆ ಒಂದು ಗಾಜಿನ ಜಾಡಿ, ಅದರ ತುಂಬ ಟೆನಿಸ್ ಚೆಂಡು. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹುಲ್ಲು. ಎದುರು ಗೋಡೆಯಲ್ಲಿ, ನಮ್ಮ ಕಡೆ ತೀರಿಕೊಂಡ ಹಿರಿಯರ ಫೋಟೋ ಇರುವ ಜಾಗದಲ್ಲಿ, ಅರಮನೆಯ ಕತ್ತಿಗಳ ಹಾಗೆ ಒಂದಕ್ಕೊಂದು ಅಡ್ಡ ಹಾಕಿದ ಎರಡು ಮರದ ಬ್ಯಾಟು.

"ಯಾರಮ್ಮ ಟೆನಿಸ್ ಆಡೋರು?" ಎಂದೆ.

"ಯಾರೂ ಇಲ್ಲ ಚಿಕ್ಕಮ್ಮ. ಇದು ಥೀಮು. ಈಗ ಇದೇ ಫ್ಯಾಷನ್ನು. ಮತ್ತೆ ಅದು ಬ್ಯಾಟಲ್ಲ, ರ‍್ಯಾಕೆಟ್."

ಆಯಿತು, ರ‍್ಯಾಕೆಟ್. ಕಾಫಿ ಕುಡಿಯುತ್ತ ಅವಳೇ ವಿವರಿಸಿದಳು. 2024ರಲ್ಲಿ ಚಾಲೆಂಜರ್ಸ್ ಎಂಬ ಹಾಲಿವುಡ್ ಸಿನಿಮಾ ಬಂತಂತೆ, ಟೆನಿಸ್ ಆಡುವವರ ಕಥೆ. ಅದಾದ ಮೇಲೆ ಟೆನಿಸ್ಸಿನ ಉಡುಗೆ ಎಲ್ಲ ಕಡೆ ಬಂತು, ಉಡುಗೆಯಿಂದ ಮನೆಗೂ ಬಂತು. ಇಂಟೀರಿಯರ್ ಮಾಡಿಕೊಟ್ಟ ಹುಡುಗ ಮೊಬೈಲಿನಲ್ಲಿ ಹತ್ತು ಚಿತ್ರ ತೋರಿಸಿದನಂತೆ, ಇವಳು ಒಂದನ್ನು ಆರಿಸಿದಳಂತೆ. ಆ ದಿಂಬಿನ ಬಣ್ಣಕ್ಕೂ ಏನೋ ಹೆಸರು ಹೇಳಿದಳು. ನನಗಂತೂ ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರಾಶಿ ಹಾಕಿರುವ ಸಿ.ಬಿ. ಗೂಡೇ ಕಣ್ಣ ಮುಂದೆ ಬಂತು. ಅದೇ ಬಣ್ಣ. ಹೇಳಿದರೆ ಅವಳಿಗೆ ಬೇಸರವಾಗಬಹುದೆಂದು ಸುಮ್ಮನಾದೆ. ಗೋಡೆಯ ಇನ್ನೊಂದು ಮೂಲೆಯಲ್ಲಿ ಇಂಗ್ಲಿಷಿನಲ್ಲಿ ‘ಲವ್ ಆಲ್’ ಎಂದು ಬರೆದ ಚೌಕಟ್ಟು. ಎಲ್ಲರನ್ನೂ ಪ್ರೀತಿಸಿ ಎಂದು ಅವಳ ಅತ್ತೆ ಅರ್ಥ ಮಾಡಿಕೊಂಡು ಸಂತೋಷಪಟ್ಟಿದ್ದಾರೆ. ಟೆನಿಸ್ಸಿನಲ್ಲಿ ಲವ್ ಎಂದರೆ ಸೊನ್ನೆ. ಎರಡೂ ಕಡೆ ಸೊನ್ನೆ ಎಂದು ಬರೆದು ಹೊಸ ಮನೆಯಲ್ಲಿ ತೂಗುಹಾಕಿದ್ದಾರೆ ಎಂದು ನಾನು ಯಾರಿಗೂ ಹೇಳಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಮನೆಗೆ ಬರುತ್ತಿದ್ದೆ, ಈ ಪ್ರಬಂಧವನ್ನೂ ಬರೆಯುತ್ತಿರಲಿಲ್ಲ. ಅವಳ ಮಗಳು, ಹತ್ತು ವರ್ಷದ್ದು, ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿತು: "ಚಿಕ್ಕಜ್ಜಿ, ಅದನ್ನ ಇಳಿಸಿಕೊಡ್ತೀರಾ? ಒಂದೇ ಒಂದು ಸಲ ಆಡಿ ಕೊಡ್ತೀನಿ." ನಾನು ಏಳುವುದರೊಳಗೆ ಅಡುಗೆಮನೆಯಿಂದ ತಾಯಿಯ ದನಿ ಬಂತು: "ಮುಟ್ಬೇಡ, ಅದು ಶೋಗೆ ಇಟ್ಟಿರೋದು!"

ಆ ಮಾತು ನನಗೆ ಎಲ್ಲೋ ತಾಗಿತು. ಏಕೆಂದರೆ ಅದು ನನ್ನದೇ ಮಾತು.

1998ನೇ ಇಸವಿ. ಆಗ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಶೋಕೇಸು ಬಂದಿತ್ತಲ್ಲ, ನೆನಪಿದೆಯೇ? ಟಿ.ವಿ. ಪಕ್ಕದಲ್ಲಿ ಗಾಜಿನ ಬಾಗಿಲು, ಸಣ್ಣ ಬೀಗ, ಒಳಗೆ ಪಿಂಗಾಣಿ ಕಪ್ಪು, ತಾಜಮಹಲು, ಯಾರೋ ಗಲ್ಫಿನಿಂದ ತಂದ ಬಾಟಲಿ. ಚನ್ನಪಟ್ಟಣದವಳಾದ ನಾನು ಊರಿನ ಅಭಿಮಾನದಿಂದ ಅದರ ತುಂಬ ನಮ್ಮೂರ ಗೊಂಬೆ ಇಟ್ಟಿದ್ದೆ. ಕುದುರೆ, ರೈಲು, ತಲೆ ಅಲ್ಲಾಡಿಸುವ ಗಂಡ ಹೆಂಡತಿ, ಬುಗುರಿ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಕುದುರೆ ಬೇಕು ಎಂದು ಅಳುತ್ತಿದ್ದಳು. "ಅದು ಶೋಗೆ ಪುಟ್ಟಿ, ಬಣ್ಣ ಹೋಗತ್ತೆ" ಎಂದು ಅವಳಿಗೆ ಪ್ಲಾಸ್ಟಿಕ್ ಗೊಂಬೆ ಕೊಡುತ್ತಿದ್ದೆ.

ಬಣ್ಣ ಹೋಗುತ್ತದೆಯೇ? ಊರಿನಲ್ಲಿದ್ದುಕೊಂಡು ನಾನು ಆಡಿದ ಸುಳ್ಳು ಅದು. ಚನ್ನಪಟ್ಟಣದ ಗೊಂಬೆ ಮಾಡುವುದನ್ನು ನೋಡಿದವರಿಗೆ ಗೊತ್ತು. ಆಲೆಮರದ ತುಂಡನ್ನು ಚರಕಿಗೆ ಕಚ್ಚಿಸಿ ತಿರುಗಿಸುತ್ತಾರೆ. ಉಳಿಯಲ್ಲಿ ಕೆತ್ತಿ ರೂಪ ಕೊಟ್ಟ ಮೇಲೆ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ, ಹೀಗೆ ಗಿಡಮೂಲಿಕೆಯ ಬಣ್ಣವನ್ನೇ ಬಳಸುವವರಿದ್ದಾರೆ. ಏಕೆ? ಮಗು ಬಾಯಿಗೆ ಹಾಕಿಕೊಂಡರೂ ತೊಂದರೆಯಾಗದಿರಲಿ ಎಂದು. ಮೂಲೆ ಚುಚ್ಚದ ಹಾಗೆ ಎಲ್ಲವನ್ನೂ ಉರುಟಾಗಿ ಮಾಡುತ್ತಾರೆ. ಮಗುವಿನ ಕೈ, ಮಗುವಿನ ಬಾಯಿ, ಅದು ಬೀಳಿಸುವುದು, ಎಸೆಯುವುದು ಎಲ್ಲವನ್ನೂ ಯೋಚಿಸಿ ಮಾಡಿದ ವಸ್ತುವನ್ನು ನಾನು ಗಾಜಿನೊಳಗಿಟ್ಟು ಬೀಗ ಹಾಕಿದ್ದೆ. ಆ ಕೈಕೆಲಸಕ್ಕೆ ಜಿ.ಐ. ಗುರುತು ಸಿಕ್ಕಿದಾಗ ಶಾಲೆಯಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ಪಾಠ ಮಾಡಿದವಳೂ ನಾನೇ.

ಮಗಳಿಗೆ ಈಗ ಮೂವತ್ತು ದಾಟಿದೆ. ಕುದುರೆ ಈಗಲೂ ಹೊಸದರ ಹಾಗೇ ಇದೆ. ಅದರ ಮೇಲೆ ಒಂದು ಹಲ್ಲಿನ ಗುರುತೂ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆದ್ದರಿಂದ, ಅಕ್ಕನ ಮಗಳ ಮನೆಯಲ್ಲಿ ಆ ದಿನ ಊಟಕ್ಕೆ ಬಂದಿದ್ದ ಹಿರಿಯರೊಬ್ಬರು "ಇದೆಲ್ಲ ಬಿಳಿಯರ ಚಾಳಿ. ನಮ್ಮ ಸಂಸ್ಕೃತಿಯದು ಏನಾದ್ರೂ ಇಡಬಾರದಿತ್ತೇ, ನಮ್ಮ ಚನ್ನಪಟ್ಟಣದ ಗೊಂಬೆ ಇಡಬಾರದಿತ್ತೇ" ಎಂದಾಗ ನಾನು ಹೂಂಗುಟ್ಟಲಿಲ್ಲ. ಪರದೇಶದ ರ‍್ಯಾಕೆಟ್ಟು ತೆಗೆದು ಸ್ವದೇಶದ ಕುದುರೆಯನ್ನು ಅದೇ ಮೊಳೆಗೆ ಸಿಕ್ಕಿಸಿದರೆ ಆ ಮಗುವಿಗೆ ಬಂದ ಲಾಭವೇನು? ಜಗಳ ಇರುವುದು ಟೆನಿಸ್ಸಿನ ಮೇಲಲ್ಲ. ಆಟವನ್ನು ಗೋಡೆಗೆ ಹತ್ತಿಸಿ ಆಡುವವರನ್ನು ಕೆಳಗೆ ನಿಲ್ಲಿಸುವ ನಮ್ಮ ಬುದ್ಧಿಯ ಮೇಲೆ. ಗೊಂಬೆಹಬ್ಬದಲ್ಲೂ ಗೊಂಬೆಯನ್ನು ಮುಟ್ಟಬಾರದಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಅದು ಒಂಬತ್ತು ದಿನ. ಇದು ವರ್ಷವಿಡೀ.

ಟೆನಿಸ್ ನನಗೆ ಪರಕೀಯವೂ ಅಲ್ಲ. ನಮ್ಮ ಪಕ್ಕದ ಮದ್ದೂರಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ, 1999ರಿಂದ 2004ರವರೆಗೆ ನಮ್ಮ ಮುಖ್ಯಮಂತ್ರಿಯಾಗಿದ್ದವರು, ವಯಸ್ಸಾದ ಮೇಲೂ ಟೆನಿಸ್ ಆಡುತ್ತಿದ್ದುದನ್ನು ಪತ್ರಿಕೆಯಲ್ಲಿ ನೋಡಿದ್ದೇವೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರ ವಯಸ್ಸು 43. ಬೆಳಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ನಾನೇ ಆ ಸುದ್ದಿ ಓದಿಸಿದ್ದೆ. ಒಳ್ಳೆಯ ಆಟ, ಎಲ್ಲಿಂದ ಬಂದರೇನು? ಆದರೆ ನಮ್ಮೂರಿನ ಹುಡುಗರಿಗೆ ಟೆನಿಸ್ ಚೆಂಡು ಎಂದರೆ ಕ್ರಿಕೆಟ್ ಚೆಂಡು, ಇರುವ ಒಂದು ಮೈದಾನವೂ ಅವರದೇ. ಹುಡುಗಿಯರಿಗೆ? ಅಲ್ಲಿಗೇ ಬರುತ್ತೇನೆ.

ಮೊದಲು ಆ ಬಿಳಿಯ ವಿಷಯ. ಅದನ್ನು ನಾವು ಹೆಂಗಸರು ಮಾತಾಡಿಕೊಳ್ಳಬೇಕು.

ಟೆನಿಸ್ಸಿನಲ್ಲಿ ಬಿಳಿ ಎಂದರೆ ವಿಂಬಲ್ಡನ್ನಿನ ಕಟ್ಟಳೆ. ಬೆವರಿನ ಕಲೆ ಬಿಳಿಯಲ್ಲಿ ಕಾಣುವುದಿಲ್ಲ, ಅದಕ್ಕೇ ಬಿಳಿ ಎಂದು ಹೇಳುತ್ತಾರೆ. ಸಿರಿವಂತರ ಆಟ, ಬಟ್ಟೆ ಒಗೆಯುವವರು ಬೇರೆ. ಆಗಿನ ಹೆಂಗಸರು ಪಾದ ಮುಚ್ಚುವ ಲಂಗ ತೊಟ್ಟು, ನಡು ಬಿಗಿದುಕೊಂಡು ಆಡಬೇಕಿತ್ತು. 1919ರಲ್ಲಿ ಫ್ರಾನ್ಸಿನ ಸುಝಾನ್ ಲಾಂಗ್ಲೆನ್ ಆ ಬಿಗಿಕಟ್ಟು ಬಿಚ್ಚಿ, ಮೊಣಕಾಲಿನ ಕೆಳಗೆ ನಿಲ್ಲುವ ಲಂಗ, ಗಿಡ್ಡ ತೋಳಿನ ರವಿಕೆಯಲ್ಲಿ ಅಂಗಳಕ್ಕಿಳಿದಳು. ಜನ ಬಾಯಿ ಬಾಯಿ ಬಿಟ್ಟರು. ಅವಳು ಗೆದ್ದಳು. ನಮ್ಮ ಸಾನಿಯಾ ಮಿರ್ಜಾ 2005ರಲ್ಲಿ ಹೈದರಾಬಾದಿನಲ್ಲಿ ಪ್ರಶಸ್ತಿ ಗೆದ್ದಾಗ ಅವಳ ಆಟಕ್ಕಿಂತ ಅವಳ ಲಂಗದ ಉದ್ದದ ಮೇಲೆ ದೇಶವೆಲ್ಲ ಮಾತಾಡಲಿಲ್ಲವೇ? 2015ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ವಿಂಬಲ್ಡನ್ ಡಬಲ್ಸ್ ಗೆದ್ದು ಉತ್ತರ ಕೊಟ್ಟಳು. ಬಿಳಿ ಮಾತ್ರ ಹಾಗೇ ಉಳಿಯಿತು. ಮುಟ್ಟಿನ ದಿನಗಳಲ್ಲೂ ಅಡಿಯಿಂದ ಮುಡಿಯವರೆಗೆ ಬಿಳಿ. ಲಕ್ಷಾಂತರ ಜನ ನೋಡುತ್ತಿರುವಾಗ ಆ ಭಯ ಹೊತ್ತುಕೊಂಡೇ ಆಡಬೇಕು. ಆಟಗಾರ್ತಿಯರು ಬಾಯಿಬಿಟ್ಟು ಹೇಳಿದ ಮೇಲೆ, 2023ರಿಂದ, ಒಳಚಡ್ಡಿ ಮಾತ್ರ ಗಾಢ ಬಣ್ಣದ್ದಾಗಿದ್ದರೂ ಸರಿ ಎಂದು ವಿಂಬಲ್ಡನ್ ಒಪ್ಪಿತು. ಅಲ್ಲಿ ಆಟ ಶುರುವಾದದ್ದು 1877ರಲ್ಲಿ, ಲೆಕ್ಕ ನೀವೇ ಹಾಕಿ.

ಅವರೇ ಸಡಿಲಿಸಿಕೊಂಡ ಬಿಳಿಯನ್ನು ನಾವು ತಂದು ಹಾಲಿನಲ್ಲಿ ಹಾಸಿಕೊಂಡಿದ್ದೇವೆ. ಆ ದಿನ ಊಟಕ್ಕೆ ಬಂದಿದ್ದ ನೆಂಟರಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ ಇದ್ದಳು. ಎಲ್ಲರೂ ಸೋಫಾದಲ್ಲಿ ಕೂತರು. ಅವಳು ಕೂರಲು ಹೋದಾಗ ಅವಳ ತಾಯಿ ಕಣ್ಣಿನಲ್ಲೇ ಏನೋ ಹೇಳಿದಳು. ಹುಡುಗಿ ಮೆಲ್ಲಗೆ ಎದ್ದು ಹೋಗಿ ಬಾಗಿಲ ಹತ್ತಿರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಯಾರೂ ಏನೂ ಹೇಳಲಿಲ್ಲ, ನಮಗೆಲ್ಲ ಅರ್ಥವಾಯಿತು. ನನ್ನ ಅಜ್ಜಿಯ ಕಾಲದಲ್ಲಿ ಮಾಗಡಿಯ ತೊಟ್ಟಿಮನೆಯಲ್ಲಿ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಕೂರಿಸುತ್ತಿದ್ದರು. ಅದನ್ನು ನಾವು ಹೋರಾಡಿ ಬಿಟ್ಟೆವು, ನಾನೇ ನನ್ನ ಅತ್ತೆಯ ಹತ್ತಿರ ಎರಡು ವರ್ಷ ಮಾತು ಬಿಟ್ಟಿದ್ದೆ. ಈಗ ಬಿಳಿ ಸೋಫಾ ರೂಪದಲ್ಲಿ ಅದೇ ಕೋಣೆ ಹಾಲಿಗೇ ಬಂದಿದೆ. ಮಡಿಯ ಹೆಸರಿನಲ್ಲಿ ಅಲ್ಲ, ಥೀಮಿನ ಹೆಸರಿನಲ್ಲಿ.

ಇನ್ನು ಒಗೆಯುವವರು ಯಾರು? ರಾಮನಗರ ಸುತ್ತ ಬಂಡೆಬೆಟ್ಟ, ಕಲ್ಲಿನ ಲಾರಿ, ರಸ್ತೆ ಕೆಲಸ. ಕಿಟಕಿ ತೆಗೆದರೆ ಸಂಜೆಯೊಳಗೆ ಪರದೆಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಅಕ್ಕನ ಮಗಳು ಬೆಂಗಳೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವವಳು. ಭಾನುವಾರ ಒಂದು ದಿನ ರಜೆ. ಆ ದಿನವೆಲ್ಲ ಸೋಫಾದ ಗವಸು ಬಿಚ್ಚುವುದು, ಪರದೆ ನೆನೆಸುವುದು. ಗಂಡ ಪೇಪರು ಓದುತ್ತ "ಕಾಲು ಮೇಲಿಟ್ಕೊಳ್ಲಾ?" ಎಂದು ಕೇಳಿ ಕಾಲು ಮೇಲಿಟ್ಟುಕೊಳ್ಳುತ್ತಾನೆ. ಅಷ್ಟು ಅವನ ಸಹಾಯ. ಟೆನಿಸ್ ಆಡುವವರು ಬಿಳಿ ಬಟ್ಟೆಯಲ್ಲಿ ಬೆವರುತ್ತಾರೆ, ಇವಳು ಬಿಳಿ ಬಟ್ಟೆ ಒಗೆಯುತ್ತ ಬೆವರುತ್ತಾಳೆ.

ಅವಳ ಕಡೆಯ ಮಾತನ್ನೂ ಹೇಳದಿದ್ದರೆ ಅನ್ಯಾಯ. ನಾನು ಇದರಲ್ಲಿ ಅರ್ಧದಷ್ಟು ಅಂದದ್ದಕ್ಕೇ ಅವಳು ಸರಿಯಾಗಿ ತಿರುಗಿಸಿ ಕೇಳಿದಳು: "ಚಿಕ್ಕಮ್ಮ, ನಿಮ್ಮ ಮನೆ ಗೋಡೆಗೆ ಯಾವ ಬಣ್ಣ ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಈ ಮನೆಯ ಸಾಲದ ಕಂತು ಅರ್ಧ ನಂದು. ಪತ್ರದಲ್ಲಿ ನನ್ನ ಹೆಸರಿದೆ. ನನಗೆ ಚೆಂದ ಕಂಡಿದ್ದು ಹಾಕಿದೀನಿ." ನನಗೆ ಉತ್ತರ ಇರಲಿಲ್ಲ. ನಿಜ, ನಮ್ಮ ಮನೆಗೆ ಸುಣ್ಣ ಬಳಿಯುವಾಗ ನನ್ನನ್ನು ಕೇಳಿದವರಿಲ್ಲ. ಮಾವನವರು ತಿಳಿನೀಲಿ ಎಂದರು, ಮೂವತ್ತು ವರ್ಷ ತಿಳಿನೀಲಿಯೇ. ಒಬ್ಬ ಹೆಣ್ಣುಮಗಳು ತನ್ನ ಹೆಸರಿನ ಮನೆಗೆ ತನ್ನಿಷ್ಟದ ಬಣ್ಣ ಹಾಕುವುದು ಸಣ್ಣ ಸಂಗತಿಯಲ್ಲ. ಅದನ್ನು ಲೇವಡಿ ಮಾಡುವವರ ಜೊತೆ ನಾನು ಸೇರುವುದಿಲ್ಲ. ಆದರೆ, ಮಗಳೇ, ನಿನ್ನಿಷ್ಟದ ಮನೆಯಲ್ಲಿ ನಿನ್ನ ಮಗಳ ಇಷ್ಟ ಎಲ್ಲಿದೆ? ನಿನ್ನ ಕೈಗೆ ಬಂದ ಅಧಿಕಾರದಿಂದ ನೀನು ಮೊದಲು ಮಾಡಿದ್ದು ಒಂದು ಮೊಳೆ ಹೊಡೆದು, ಅವಳ ಕೈಗೆ ಎಟುಕದ ಎತ್ತರದಲ್ಲಿ ಆಟ ಕಟ್ಟಿದ್ದು.

ನಾನು ಬಿ.ಎ., ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಮೂವತ್ತು ವರ್ಷ ದಾಟಿತು. ವರ್ಗವಾದದ್ದೆಲ್ಲ ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣ ಈ ನಾಲ್ಕು ತಾಲ್ಲೂಕಿನೊಳಗೇ. 2007ರಲ್ಲಿ ನಮ್ಮದು ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದಾಯಿತು. ರಾಮನಗರ ಊರಿಗೇ ಹಿಂದೆ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಹೆಸರು ಬದಲಾಯಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಶಾಲೆಯ ಅಂಗಳ ಮಾತ್ರ ಪ್ರತಿ ವರ್ಗಾವಣೆಗೂ ಸ್ವಲ್ಪ ಸ್ವಲ್ಪ ಚಿಕ್ಕದಾಗುತ್ತ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಡೆ ಹೊಸ ಕೊಠಡಿ, ಒಂದು ಕಡೆ ಬಿಸಿಯೂಟದ ಅಡುಗೆಮನೆ, ಒಂದು ಕಡೆ ಮೇಷ್ಟ್ರುಗಳ ಸ್ಕೂಟರು. ಎಲ್ಲವೂ ಬೇಕಾದದ್ದೇ. ಜಾಗ ಹೋದದ್ದು ಮಾತ್ರ ಯಾವಾಗಲೂ ಹುಡುಗಿಯರದು.

ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಮ್ಮ ಹುಡುಗಿಯರು ಟೆನಿಕಾಯ್ಟ್ ಆಡುತ್ತಿದ್ದರು. ನೀವೂ ಆಡಿರುತ್ತೀರಿ, ರಿಂಗ್ ಎಂದರೆ ತಕ್ಷಣ ನೆನಪಾಗುತ್ತದೆ. ಹಡಗಿನ ಮೇಲೆ ಹೊತ್ತು ಕಳೆಯಲು ಆಡುತ್ತಿದ್ದ ಆಟ ಅದು, ಚೆಂಡಿನ ಬದಲು ರಬ್ಬರಿನ ಬಳೆ. ಹೆಸರಲ್ಲೇ ಟೆನಿಸ್ಸಿನ ಸಂಬಂಧ ಇದೆ. ಒಂದೇ ಕೈಯಲ್ಲಿ ಹಿಡಿಯಬೇಕು, ಹಿಡಿದುಕೊಂಡು ನಿಲ್ಲುವ ಹಾಗಿಲ್ಲ, ಕೂಡಲೇ ಎಸೆಯಬೇಕು. ಟೆನಿಸ್ ಅಂಕಣಕ್ಕೆ ಗೆರೆಯಿಂದ ಗೆರೆಗೇ 78 ಅಡಿ ಉದ್ದ, ಡಬಲ್ಸ್ ಆದರೆ 36 ಅಡಿ ಅಗಲ ಬೇಕು. ಎರಡು ಸೈಟು ಸೇರಿಸಿದರೂ ಸಾಲದು. ರಿಂಗ್ ಅಂಕಣಕ್ಕೆ 40 ಅಡಿ ಉದ್ದ, 18 ಅಡಿ ಅಗಲ. ನಮ್ಮ ಮೂವತ್ತು ನಲವತ್ತರ ಒಂದು ಸೈಟಿನಲ್ಲಿ ಅದರ ಗೆರೆಗಳೆಲ್ಲ ಹಿಡಿಯುತ್ತವೆ. ನಮ್ಮ ಶಾಲೆಯಲ್ಲಿ ಒಂದು ಕಡೆ ಹೊಂಗೆಮರ, ಇನ್ನೊಂದು ಕಡೆ ಕಂಬ, ನಡುವೆ ತೆಂಗಿನ ನಾರಿನ ಹಗ್ಗ. ಅದೇ ನೆಟ್ಟು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಮಕ್ಕಳು ಆಡುತ್ತಿದ್ದರೆ ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿ ನೋಟುಪುಸ್ತಕ ತಿದ್ದುವುದನ್ನು ನಿಲ್ಲಿಸಿ ನೋಡುತ್ತಿದ್ದೆ.

ಅವರಲ್ಲಿ ಒಬ್ಬಳಿದ್ದಳು. ಎಡಗೈಯವಳು. ಎಲ್ಲಿ ಎಸೆದರೂ ಆ ರಿಂಗು ಅವಳ ಕೈಯನ್ನೇ ಹುಡುಕಿಕೊಂಡು ಬರುತ್ತಿತ್ತು. ಹೋಬಳಿ ಮಟ್ಟದಲ್ಲಿ ಗೆದ್ದು ತಾಲ್ಲೂಕಿಗೆ ಆಯ್ಕೆಯಾದಳು. ಆ ವಾರವೇ ಅವಳ ತಾಯಿ ಶಾಲೆಗೆ ಬಂದಳು. "ದೊಡ್ಡೋಳಾದ್ಲು ಮೇಡಂ. ಇನ್ನು ಕುಣಿಯೋದು ಬೇಡ. ಓದಲಿ, ಸಾಕು." ನಾನು ಏನು ಹೇಳಿದೆ ಗೊತ್ತೇ? "ನೀವು ಹೇಳೋದೂ ಸರಿಯೇ" ಎಂದೆ. ಓದಿದವಳು, ಸಂಬಳ ತೆಗೆದುಕೊಳ್ಳುವವಳು, ಅತ್ತೆಯ ಹತ್ತಿರ ಮುಟ್ಟಿನ ಕೋಣೆಗಾಗಿ ಜಗಳವಾಡಿದವಳು, ಆ ಮಗುವಿನ ಆಟಕ್ಕಾಗಿ ಒಂದು ಮಾತು ಆಡಲಿಲ್ಲ. ಅವಳು ಹತ್ತನೇ ಕ್ಲಾಸಿನವರೆಗೆ ಕಂಬಕ್ಕೆ ಒರಗಿ ನಿಂತು ಬೇರೆಯವರು ಆಡುವುದನ್ನು ನೋಡಿದಳು. ತಾಲ್ಲೂಕಿಗೆ ಬೇರೆ ಹುಡುಗಿಯನ್ನು ಕಳಿಸಿದೆವು, ಸೋತು ಬಂದರು.

ನಮ್ಮ ಹುಡುಗಿಯರ ಆಟಕ್ಕೆ ಇರುವ ಆಯಸ್ಸು ಇಷ್ಟು. ಐದು ವರ್ಷದಿಂದ ಹನ್ನೆರಡು ಹದಿಮೂರರವರೆಗೆ. ಆಮೇಲೆ ಅಂಗಳ ಮುಗಿಯಿತು. ಹತ್ತು ವರ್ಷದ ಆ ಮಗು "ಒಂದೇ ಒಂದು ಸಲ" ಎಂದು ಕೇಳಿದಾಗ ನನಗೆ ಕೇಳಿಸಿದ್ದು ಉಳಿದಿರುವ ಎರಡು ಮೂರು ವರ್ಷದ ಲೆಕ್ಕ. ಅದನ್ನೂ ‘ಶೋಗೆ’ ಎಂದು ಕಿತ್ತುಕೊಂಡರೆ ಹೇಗೆ?

ಮನೆಯೊಳಗೆ ಆಟ ಇರಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ಹಳೆಯ ಮನೆ ಕಟ್ಟಿದವರು ಅದನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು. ಮಾಗಡಿಯಲ್ಲಿ ಅಜ್ಜಿಯ ಮನೆಯ ಜಗಲಿಯ ಕಲ್ಲಿನಲ್ಲಿ ಚೌಕಾಬಾರದ ಮನೆ ಕೆತ್ತಿತ್ತು. ಕೆತ್ತಿದವರು ಯಾರೋ, ಅಜ್ಜಿಗೂ ಗೊತ್ತಿರಲಿಲ್ಲ. ಹುಣಿಸೆಬೀಜ ಅರ್ಧ ತೇಯ್ದುಕೊಂಡರೆ ದಾಳ, ಬಳೆಚೂರು ಕಾಯಿ. ಹಳೆಯ ಗುಡಿಗಳ ನೆಲದಲ್ಲೂ ಹೀಗೆ ಕೆತ್ತಿದ ಮನೆಗಳನ್ನು ನೀವು ನೋಡಿರುತ್ತೀರಿ. ಅಳಗುಳಿಮಣೆಯನ್ನು ಯಾರೂ ಗೋಡೆಗೆ ನೇತುಹಾಕುತ್ತಿರಲಿಲ್ಲ. ಊಟವಾದ ಮೇಲೆ ಅದು ತಾನಾಗಿ ನಡುಮನೆಗೆ ಬರುತ್ತಿತ್ತು. ತೊಟ್ಟಿಯಲ್ಲಿ ಕುಂಟೆಬಿಲ್ಲೆ. ಆಡಿ ಆಡಿ ಆ ಜಗಲಿಯ ಗೆರೆಗಳು ನುಣ್ಣಗಾಗಿದ್ದವು. ಹಾಗೆಂದು ಆ ಕಾಲವನ್ನು ಹೊಗಳಿ ಹಾಡಲಾರೆ, ಅದೇ ಮನೆಯ ಹಿತ್ತಿಲ ಕೋಣೆಯ ಮಾತು ಆಗಲೇ ಹೇಳಿದ್ದೇನಲ್ಲ. ಆದರೆ ಆಟ ನೆಲದಲ್ಲಿತ್ತು, ಕೈಗೆ ಸಿಗುವಲ್ಲಿತ್ತು. ಅದು ಸತ್ಯ.

ಆ ಮನೆಯ ಗೋಡೆಗೂ ಬಿಳಿ ಸುಣ್ಣವೇ. ಆದರೆ ಬುಡದಿಂದ ಎರಡು ಮೂರು ಅಡಿಯವರೆಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಏಕೆಂದರೆ ಮಕ್ಕಳು ಒರಗುವುದು, ಚೆಂಡು ತಾಗುವುದು, ಮಳೆಯ ಕೆಸರು ಹಾರುವುದು ಅಷ್ಟು ಎತ್ತರಕ್ಕೇ. ನೆಲಕ್ಕೆ ಕೆಂಪು ಗಾರೆ. ಕಲೆಯಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡು ಬಣ್ಣ ಆರಿಸಿದ್ದ ಮನೆ ಅದು. ಈಗಿನ ಮನೆ ಮನುಷ್ಯರೇ ಇರುವುದಿಲ್ಲ ಎಂದುಕೊಂಡು ಬಣ್ಣ ಆರಿಸಿದ ಹಾಗಿದೆ.

ಟೆನಿಸ್ಸಿನವರೂ ನೋಡುವ ಅನುಕೂಲಕ್ಕೆ ಬಣ್ಣ ಬದಲಾಯಿಸಿದವರೇ. ಮೊದಲು ಅವರ ಚೆಂಡು ಬೆಳ್ಳಗಿತ್ತು. ಟಿ.ವಿ.ಯಲ್ಲಿ ಸರಿಯಾಗಿ ಕಾಣುವುದಿಲ್ಲವೆಂದು 1972ರಲ್ಲಿ ಆ ಗೂಡಿನ ಬಣ್ಣ ತಂದರು. ವಿಂಬಲ್ಡನ್ ಮಾತ್ರ ಹಟ ಹಿಡಿದು 1986ರವರೆಗೆ ಬಿಳಿ ಚೆಂಡನ್ನೇ ಉಳಿಸಿಕೊಂಡಿತು. ನಮ್ಮಲ್ಲೂ ಅಂಥ ಹಿರಿಯರಿದ್ದಾರೆ.

ಊಟವಾದ ಮೇಲೆ ನಾನೂ ಮಗುವೂ ಹೊರಗೆ ಬಂದೆವು. ಬಾಲ್ಕನಿಯ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬರಿಗಾಲಿಟ್ಟರೆ ಮಧ್ಯಾಹ್ನದ ಬಿಸಿಲಿಗೆ ಬಾಣಲೆ ಕಾದ ಹಾಗೆ ಕಾದಿತ್ತು. ಕೆಳಗಿಳಿದೆವು. ಕಾರು ನಿಲ್ಲಿಸುವ ಜಾಗ, ಪಕ್ಕದಲ್ಲಿ ಕಾಂಪೌಂಡ್ ಗೋಡೆ. ಟೆನಿಸ್ ನೆಟ್ಟು ನಡುಮಧ್ಯದಲ್ಲಿ ಮೂರು ಅಡಿ ಎತ್ತರ. ನನ್ನ ಚೀಲದಲ್ಲಿ ಸೀಮೆಸುಣ್ಣ ಯಾವಾಗಲೂ ಇರುತ್ತದೆ, ಮೂವತ್ತು ವರ್ಷದ ಅಭ್ಯಾಸ. ಗೋಡೆಯ ಮೇಲೆ ಮೂರು ಅಡಿ ಎತ್ತರಕ್ಕೆ ಉದ್ದಕ್ಕೂ ಒಂದು ಗೆರೆ ಎಳೆದೆ. ಗೆರೆಯ ಮೇಲೆ ಬಿದ್ದರೆ ಒಂದು ಅಂಕ, ಕೆಳಗೆ ಬಿದ್ದರೆ ಔಟು. ರ‍್ಯಾಕೆಟ್ಟನ್ನಂತೂ ಇಳಿಸುವ ಹಾಗಿಲ್ಲ. ಇಳಿಸಿದರೂ ಆ ದಾರ ಒಂದು ಹೊಡೆತಕ್ಕೆ ತಡೆಯುತ್ತಿರಲಿಲ್ಲ, ನಾನು ಬೆರಳಿನಿಂದ ಒತ್ತಿ ನೋಡಿದ್ದೆ. ಮಗು ಅಡುಗೆಮನೆಯಿಂದ ಚಪಾತಿ ಲಟ್ಟಿಸುವ ಮಣೆ ತಂದಿತು. ಜಾಡಿಯಿಂದ ಒಂದು ಚೆಂಡು ತರಲು ನಾನೇ ಹೇಳಿದೆ, ಒಪ್ಪಿಕೊಳ್ಳುತ್ತೇನೆ.

ಅರ್ಧ ಗಂಟೆ ಆಡಿತು. ಮೊದಲು ಹತ್ತಕ್ಕೆ ಒಂದೂ ತಾಗಲಿಲ್ಲ. ಆಮೇಲೆ ಎರಡು, ಆಮೇಲೆ ಸತತವಾಗಿ ಆರು. ನಡುವೆ ನಾನೂ ಸೆರಗು ಸಿಕ್ಕಿಸಿಕೊಂಡು ನಾಲ್ಕು ಹೊಡೆದೆ, ಮಂಡಿ ನೋವು ಮರುದಿನ ತಿಳಿಯಿತು. ಪಿಯುಸಿ ಹುಡುಗಿ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಳು. ಮಣೆ ಅವಳ ಕೈಗೆ ಕೊಟ್ಟೆ. ಅವಳ ತಾಯಿ ಕಿಟಕಿಯಿಂದ ನೋಡಿ ಏನೋ ಹೇಳಹೊರಟಳು, ನಾನು ಮೇಡಂ ಮುಖ ಮಾಡಿಕೊಂಡು ಅವಳನ್ನೇ ನೋಡಿದೆ. ಸುಮ್ಮನಾದಳು. 1998ರಲ್ಲಿ ಆ ಮುಖ ಎಲ್ಲಿ ಹೋಗಿತ್ತೋ.

ಬುಧವಾರ ಅಕ್ಕನ ಮಗಳ ಫೋನು ಬಂತು. "ಚಿಕ್ಕಮ್ಮ, ಏನು ಹಚ್ಚಿಕೊಟ್ಟು ಹೋದ್ರಿ? ಪಕ್ಕದ ಮನೆ ಹುಡುಗೀರೂ ಸೇರ್ಕೊಂಡಿದಾರೆ. ಹೊಸ ಕಾಂಪೌಂಡು, ಪೇಂಟು ಮೊನ್ನೆ ಹೊಡೆಸಿದ್ದು, ಗೋಡೆ ತುಂಬ ಚೆಂಡಿನ ಗುರುತು. ಜಾಡಿಯಲ್ಲಿ ಇನ್ನು ಎರಡೇ ಚೆಂಡು ಉಳಿದಿರೋದು. ಮಣೆ ಬೇರೆ ಸೀಳಿದೆ. ನೀವೇ ಬಂದು ಗೋಡೆ ತೊಳೆದುಕೊಡಿ."

ಭಾನುವಾರ ಬರುತ್ತೇನೆ ಎಂದೆ. ಪೇಟೆಯಲ್ಲಿ ವಿಚಾರಿಸಿದೆ, ರಿಂಗು ಈಗಲೂ ಸಿಗುತ್ತದೆ. ಎರಡು ತೆಗೆದುಕೊಂಡಿದ್ದೇನೆ, ಜೊತೆಗೆ ಒಂದು ಮಣೆ. ಗೋಡೆ ತೊಳೆಯಲು ಹಳೆಯ ಬನಿಯನ್ನು ಎರಡು ಮಡಿಚಿ ಚೀಲಕ್ಕೆ ಹಾಕಿಟ್ಟಿದ್ದೇನೆ. ಕುದುರೆಯನ್ನೂ ಹಾಕಿದ್ದೇನೆ.